ಚಂದ್ರಿಯ ಅರ್ಕಾವತ್ತು

ಹೊಸದುರ್ಗ
೧೮-೬-೧೯೭೮

ಚಿ. ಸೌ. ಚಂದ್ರಿಗೆ,

ನಿನ್ನಕ್ಕ ಸಿದ್ದಕ್ಕನ ಆಶೀರ್ವಾದಗಳು. ಅಮ್ಮನ ಮಂಡಿನೋವು ಇಳಿದಿದೆ, ಅಪ್ಪನ ಸಿಡುಕು ಇಳಿದಿಲ್ಲ. ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ಹಿರಿಯೂರಿನಲ್ಲಿ ನೀವಿಬ್ಬರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಬರೆಯದಿದ್ದುದಕ್ಕೆ ಬೇಸರಿಸಬೇಡ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ, ಅದಕ್ಕೇ ಬರೆಯಲಿಲ್ಲ.

ಯುಗಾದಿಗೆ ನೀನು ಬಂದಿದ್ದಾಗ ನಮ್ಮ ಅಪ್ಪನ ಟೈಪಿಂಗ್ ಶಾಲೆಗೆ ಬೆಂಗಳೂರಿನಿಂದ ಬಂದಿದ್ದರಲ್ಲ, ಎಂಜಿನಿಯರ್ ಓಬಳೇಶಪ್ಪನವರು? ಕಂಪ್ಯೂಟರಿಗೆ ಕನ್ನಡದ ಕೀಗಳನ್ನು ಹೇಗೆ ಜೋಡಿಸಬೇಕು ಅಂತ ತಿಳಿಯೋಕೆ ಜನರ ಬೆರಳು ನೋಡುತ್ತಾ ಊರೂರು ತಿರುಗುವವರು. ಅಪ್ಪ, "ನಮ್ ಸಿದ್ದಿ ಕೈ ನೋಡ್ರಿ ಸಾರ್, ಒಂದ್ ತಪ್ಪು ಬೀಳಲ್ಲ" ಎಂದು ನನ್ನನ್ನೇ ಮುಂದೆ ಕೂರಿಸಿದರು. ಒಂದು ಪುಟ ಪಟಪಟ ಹೊಡೆದೆ. ಆತ ಆಕಳಿಸಿದರು! ಆಮೇಲೆ ನೀನು ತಮಾಷೆಗೆ ಕೂತು ಊರಿನ ಹೆಸರು ಹೊಡೆದೆ. ಬಾಯಲ್ಲಿ 'ದುರ್ಗ' ಅನ್ನುವಾಗ ರ್ ಮೊದಲು, ಗ ಆಮೇಲೆ. ಕಾಗದದ ಮೇಲೆ ಗ ಮೊದಲು, ಅರ್ಕಾವತ್ತಿನ ಬಾಲ ಆಮೇಲೆ; ಮಿಷನ್ನಿನಲ್ಲೂ ಹಾಗೇ ಒತ್ತಬೇಕು. ನೀನು ಎಂದಿನಂತೆ ಬಾಯಿ ಹೇಳಿದ ಹಾಗೆ ಅರ್ಕಾವತ್ತನ್ನೇ ಮೊದಲು ಒತ್ತಿದೆ. ಆತ ಕುರ್ಚಿ ಎಳೆದುಕೊಂಡು ನಿನ್ನ ಪಕ್ಕದಲ್ಲೇ ಕೂತರು.

"ತಪ್ಪಿಲ್ದಂಗೆ ಹೊಡಿಯೋರ್ನ ನೋಡಿದ್ರೆ ನಂಗೇನೂ ತಿಳಿಯಲ್ಲಮ್ಮ. ಕೈ ಎಲ್ಲಿ ಎಡವತೈತೋ ಅಲ್ಲಿ ಮಿಷಿನ್ನಿಂದೇ ತಪ್ಪೈತೆ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಟೈಪಿಂಗ್ ಸೀನಿಯರ್ ಪರೀಕ್ಷೆ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ನಾನು. ನೀನು ಜೂನಿಯರಿನಲ್ಲೇ ಎರಡು ಸಲ ಕೂತವಳು.

ಅವರು ಹೋದ ವಾರ ಮತ್ತೆ ಬಂದರು. ನಗಬೇಡ, ನೀಲಿ ಸೀರೆ ಉಟ್ಟು ಮೊದಲೇ ಮಿಷನ್ ಮುಂದೆ ಕೂತಿದ್ದೆ. ಅವರು ನೋಡುವಾಗ ಬೇಕೆಂದೇ ಅರ್ಕಾವತ್ತನ್ನು ಮೊದಲು ಒತ್ತಿದೆ. "ಬ್ಯಾಡಮ್ಮ, ಬೇಕಂತ ತಪ್ಪು ಮಾಡಬ್ಯಾಡ್ರಿ. ಬೆರಳು ಯೋಚ್ನೆ ಮಾಡ್ತಿರೋದು ಕಾಣ್ತೈತೆ" ಅಂದುಬಿಟ್ಟರು. ಕಲಿಯಲು ಬಂದ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಒಳಗೆ ಹೋಗಿ ಅವರಿಗೆ ಕಾಫಿ ಮಾಡಿಕೊಂಡು ಬಂದೆ, ಸಕ್ಕರೆ ಹಾಕಲಿಲ್ಲ.

ಕಾಗದಕ್ಕೆ ಕಾರಣ ಇದು: ರ್ ಮೊದಲು ಒತ್ತಿದರೂ ಕಂಪ್ಯೂಟರೇ ಅದನ್ನು ಗಕಾರದ ಆಚೆ ಕೂರಿಸಿಕೊಳ್ಳುವಂತೆ ಮಾಡುತ್ತಾರಂತೆ. ಪರೀಕ್ಷೆ ಮಾಡಿ ನೋಡಲು ನಿನ್ನನ್ನು ಒಂದು ವಾರ ಬೆಂಗಳೂರಿಗೆ ಕಳಿಸಬೇಕಂತೆ. ನಾನು ಕೈ ನೋಯಿಸಿಕೊಂಡು ಮಿಷನ್ ಹೇಳಿದಂತೆ ಕೇಳಿದೆ. ನಿನ್ನ ಮಾತನ್ನು ಮಿಷನ್ನೇ ಕೇಳುತ್ತದಂತೆ! ಇದಕ್ಕೆ ಏನು ಹೇಳಲಿ? ಅಮ್ಮನ ಹತ್ತಿರ ಹೇಳಿಕೊಂಡರೆ, "ಆಕಿ ನಿನ್ ತಂಗಿ ಅಲ್ಲೇನೇ?" ಎಂದು ನನ್ನನ್ನೇ ಬೈದಳು.

ಹೋಗಿ ಬಾ ತಾಯಿ. ಅಲ್ಲಿ ಚಳಿ ಇರುತ್ತದೆ, ಸ್ವೆಟರ್ ಮರೆಯಬೇಡ. ದೊಡ್ಡವರ ಮುಂದೆ ಹೆದರಿಕೊಂಡು ಸರಿಯಾಗಿ ಹೊಡೆದುಬಿಟ್ಟೀಯ, ಜೋಕೆ. ನಿನಗೆ ಒಳ್ಳೆಯದಾಗಲಿ, ಮುತ್ತೈದೆಯಾಗಿ ನೂರು ಕಾಲ ಬಾಳು.

ಇಂತಿ ನಿನ್ನ ಅಕ್ಕ,
ಸಿದ್ದಕ್ಕ

ತಾ.ಕ.: ಹೊರಡುವಾಗ ಓಬಳೇಶಪ್ಪನವರು, "ನಿಮ್ ಕೈ ಈ ತಪ್ಪನ್ನ ಹೆಂಗೆ ಬಿಡ್ತಮ್ಮ?" ಎಂದು ಕೇಳಿದರು. ಅಪ್ಪ ಅಲ್ಲೇ ಇದ್ದರು. "ಅಭ್ಯಾಸ ಸಾರ್" ಅಂದೆ. ಅರ್ಕಾವತ್ತು ಮೊದಲು ಬಿದ್ದಾಗಲೆಲ್ಲ ಅಪ್ಪ ರೂಲುದೊಣ್ಣೆಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಅದೇ ಬೆಂಚಿನಲ್ಲಿ ಕೂತು ನೀನು ಅದೇ ತಪ್ಪು ಮಾಡಿದರೆ ನಕ್ಕು, "ಇರ್ಲಿ ಬಿಡವ್ವ" ಅನ್ನುತ್ತಿದ್ದರು. ನಿನಗೆ ಇದು ನೆನಪಿರಲಿಕ್ಕಿಲ್ಲ. ನನಗೆ ಬೆಂಗಳೂರು ಬೇಡ ಚಂದ್ರಿ. ಒಂದು ಸಲ, ಒಂದೇ ಒಂದು ಸಲ ಅಪ್ಪ ನನಗೂ "ಇರ್ಲಿ ಬಿಡವ್ವ" ಅನ್ನಬಹುದಿತ್ತು.