ಎಡಗೆನ್ನೆ ಹೇಳಬೇಕು

ಜನವರಿ 8, ಬುಧವಾರ

ಇವತ್ತೂ ಅದೇ ಬ್ಲೇಡು. ಬದಲಾಯಿಸೋಣ ಎಂದು ಹೊಸದರ ಕಾಗದ ಬಿಚ್ಚಿದ್ದೆ. ಯಾವುದಕ್ಕೂ ಇರಲಿ ಎಂದು ಹಳೆಯದನ್ನೇ ಎಡಗೆನ್ನೆಯ ಮೇಲೆ ಒಮ್ಮೆ ಎಳೆದೆ. ಬೆಣ್ಣೆ ಸವರಿದ ಹಾಗೆ ಹೋಯಿತು. ಹೊಸದನ್ನು ಮತ್ತೆ ಮಡಚಿಟ್ಟೆ.

ಅಪ್ಪ ಕಲಿಸಿದ ಶಾಸ್ತ್ರ ಇದು. ಬ್ಲೇಡಿಗೆ ದಿನ ಎಣಿಸಬೇಡ, ಬೆರಳಿಟ್ಟು ನೋಡಬೇಡ. ಎಡಗೆನ್ನೆಯಿಂದ ಶುರು ಮಾಡು. ನಮ್ಮ ವಂಶದವರಿಗೆ ಅಲ್ಲೇ ಕೂದಲು ಒರಟು. ಬ್ಲೇಡು ಮೊಂಡಾಗಿದ್ದರೆ ಅಲ್ಲೇ ಕಿತ್ತು ಹೇಳುತ್ತದೆ. ಎಡಗೆನ್ನೆ ಹೇಳುವವರೆಗೆ ಎಸೆಯಬಾರದು.

ಹೆಂಡತಿ ಪಟಾಲಮ್ಮನಿಗೆ ತೋರಿಸಿದೆ. ದೀಪಾವಳಿ ಆದಮೇಲೆ ಹಾಕಿದ ಬ್ಲೇಡು ಕಣೇ ಇದು ಎಂದೆ.

"ಅದಕ್ಕೊಂದು ಪೂಜೆ ಮಾಡಿಸಿಬಿಡಿ" ಎಂದಳು. ಕೋಡಿಹಳ್ಳಿ ಹೆಂಗಸಿನ ಬಾಯಿ. ನನಗೆ ಮಾತ್ರ ನಿಜಕ್ಕೂ ಆಶ್ಚರ್ಯ.

ಜನವರಿ 16, ಗುರುವಾರ

ಹಲಸೂರು ಬಜಾರಿಗೆ ಹೋಗಿದ್ದೆ. ಗಯಾಜ್ ಅಂಗಡಿಯಲ್ಲಿ ಕೇಳಿದೆ, ನೀನು ಕೊಟ್ಟ ಬ್ಲೇಡು ಯಾವ ಕಂಪನಿಯದು ಎಂದು.

"ಅದೇ ಮಾಮೂಲಿ ಅಣ್ಣಾ. ಯಾಕೆ, ಕುಯ್ತಾ?"

ಇಲ್ಲ, ಮುಗೀತಾನೇ ಇಲ್ಲ ಎಂದೆ. ನಂಬಲಿಲ್ಲ. "ಅಷ್ಟು ದಿನ ಬಂದ್ರೆ ನಾನು ಅಂಗಡಿ ಮುಚ್ಕೊಂಡು ಆಟೋ ಓಡಿಸ್ಬೇಕು." ಆಮೇಲೆ ಕೌಂಟರಿನಿಂದ ಬಗ್ಗಿ ನನ್ನ ಎಡಗೆನ್ನೆ ನೋಡಿದ. "ಆದ್ರೂ ನುಣ್ಣಗೈತೆ ಬಿಡಣ್ಣಾ." ಪಕ್ಕದ ಗಿರಾಕಿಗೂ ತೋರಿಸಿದ.

ಒಂದೇ ತೊಂದರೆ. ಬಲಗೆನ್ನೆ ಉರಿಯುತ್ತದೆ. ಶೇವ್ ಆದ ಮೇಲೆ ಪಟಿಕ ಉಜ್ಜಿದರೆ ಬಲಕ್ಕೆ ಮೆಣಸಿನಕಾಯಿ ಇಟ್ಟ ಹಾಗೆ. ಎಡಕ್ಕೆ ಏನೂ ಇಲ್ಲ. ಕೈ ತಿರುಗಿಸುವುದರಲ್ಲೇ ಏನೋ ತಪ್ಪಿದೆ. ವಯಸ್ಸಾಯಿತಲ್ಲ, ಮಣಿಕಟ್ಟು ಬಗ್ಗುವುದಿಲ್ಲ.

ಜನವರಿ 29, ಬುಧವಾರ

ಬಲಗೆನ್ನೆಯ ಮೇಲೆ ಎಳೆಯುವಾಗ ಕಣ್ಣಲ್ಲಿ ನೀರು ಬಂತು. ಕೂದಲು ಕತ್ತರಿಸುತ್ತಿಲ್ಲ, ಕೀಳುತ್ತಿದೆ. ಎಡಗಡೆ ಎಂದಿನಂತೆ ಬೆಣ್ಣೆ. ಒಂದೇ ಬ್ಲೇಡು, ಒಂದೇ ಮುಖ... ಇದೇನು ಕಥೆ?

ಕನ್ನಡಿ ಹತ್ತಿರ ಹೋಗಿ ನೋಡಿದೆ. ಎಡಗೆನ್ನೆಯಲ್ಲಿ ಒಂದು ಕಡೆ ಬಣ್ಣ ಮಾಸಿದೆ. ಅಲ್ಲಿ ಕೂದಲೂ ಕಡಿಮೆ. ಚಿಬ್ಬು ಇರಬೇಕು. ಸೋಪು ಬದಲಾಯಿಸಿ ಎಂದಳು ಪಟಾಲಮ್ಮ.

ಬ್ಲೇಡು ಬದಲಾಯಿಸಲಿಲ್ಲ. ಎಡಗೆನ್ನೆ ಇನ್ನೂ ಹೇಳಿಲ್ಲವಲ್ಲ.

ಫೆಬ್ರವರಿ 9, ಭಾನುವಾರ



ಬೆಳಗ್ಗೆ ಶೇವ್ ಮಾಡಿಕೊಂಡು, ಬಿಳಿ ಬನಿಯನ್ ಹಾಕಿ, ಪೇಪರ್ ಹಿಡಿದು ಕಾಫಿಗೆ ಕೂತೆ. ಪಟಾಲಮ್ಮ ಲೋಟ ತಂದವಳು ಅಲ್ಲೇ ನಿಂತುಬಿಟ್ಟಳು.

"ರೀ... ರಕ್ತ."

ಎಲ್ಲಿ ಎಂದೆ. ಬನಿಯನ್ ನೋಡಿಕೊಂಡೆ. ಕುತ್ತಿಗೆಯಿಂದ ಎದೆಯವರೆಗೆ ಕೆಂಪು. ಪೇಪರಿನ ಮೇಲೂ ತೊಟ್ಟಿಕ್ಕಿತ್ತು. ಎಡಗೆನ್ನೆ ಉದ್ದಕ್ಕೆ ಸೀಳಿತ್ತು. ಅವಳು ಪಟಿಕ ತಂದು ಒತ್ತಿದಳು. ಒತ್ತುತ್ತಲೇ ನನ್ನ ಮುಖ ನೋಡುತ್ತಿದ್ದಳು.

"ಉರೀತಿಲ್ವಾ?"

ಇಲ್ಲ ಎಂದೆ. ಅವಳು ಕೈ ತೆಗೆದಳು. ಹಸಿ ಗಾಯಕ್ಕೆ ಪಟಿಕ ಇಟ್ಟರೆ ಯಾರಿಗಾದರೂ ಉರಿಯದೆ ಇರುತ್ತದೆಯೇ?

ಫೆಬ್ರವರಿ 12, ಬುಧವಾರ. ಮಧ್ಯಾಹ್ನ

ಪುಲಿಕೇಶಿನಗರದ ಚರ್ಮದ ಡಾಕ್ಟರ್ ಹತ್ತಿರ ಹೋಗಿ ಬಂದೆ. ರಿಮ್ಶಾ ಎಂದು, ಚಿಕ್ಕ ವಯಸ್ಸು. ಪಟಾಲಮ್ಮ ಬರುತ್ತೇನೆ ಎಂದಳು, ಬೇಡ ಎಂದೆ. ಬೇಡ ಎಂದಿದ್ದೇ ಒಳ್ಳೆಯದಾಯಿತು.

"ಕಣ್ಣು ಮುಚ್ಕೊಳಿ ಅಂಕಲ್. ಹತ್ತಿ ತಾಗಿದ್ರೆ ಹೂಂ ಅನ್ನಿ."

ಕೈಗೆ ತಾಗಿತು. ಹೂಂ. ಹಣೆ. ಹೂಂ. ಬಲಗೆನ್ನೆ. ಹೂಂ. ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದು. ಕಾದೆ. ಫೋನ್ ಬಂದಿರಬೇಕು ಎಂದುಕೊಂಡೆ.

"ಮುಂದಕ್ಕೆ ಮಾಡಿ ಡಾಕ್ಟ್ರೇ."

"ಮಾಡ್ತಾನೇ ಇದೀನಿ ಅಂಕಲ್."

ಕಣ್ಣು ಬಿಟ್ಟೆ. ಹತ್ತಿ ಎಡಗೆನ್ನೆಯ ಮೇಲೇ ಇತ್ತು.

ಬ್ಲೇಡಿನ ವಿಷಯ ಹೇಳಿದೆ. ಅವರು ನಗಲಿಲ್ಲ. "ಬ್ಲೇಡ್ ಯಾವತ್ತೋ ಮೊಂಡಾಗಿದೆ. ನಿಮ್ಮ ಕೆನ್ನೆಗೆ ಅದು ಗೊತ್ತಾಗ್ತಿಲ್ಲ. ಅಲ್ಲಿ ಕೂದಲೂ ಉದುರಿದೆ, ಅದಕ್ಕೇ ಜಾರ್ಕೊಂಡು ಹೋಗುತ್ತೆ." ಆಮೇಲೆ ಕಾಯಿಲೆಯ ಹೆಸರು ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಒಂದು ಕ್ಷಣ ಏನೂ ಅನ್ನಿಸಲಿಲ್ಲ. ಲೆಪ್ರಸಿ. ಆಮೇಲೆ ಕನ್ನಡದಲ್ಲಿ ಅರ್ಥವಾಯಿತು.

ಕುಷ್ಠ.

ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತದಂತೆ. ಮಾತ್ರೆ ಸರ್ಕಾರದಿಂದಲೇ ಸಿಗುತ್ತದಂತೆ. ತಪ್ಪದೆ ತೆಗೆದುಕೊಂಡರೆ ಬೇರೆಯವರಿಗೆ ಹರಡುವುದಿಲ್ಲವಂತೆ. ಮನೆಯವರನ್ನೂ ಒಮ್ಮೆ ಪರೀಕ್ಷೆ ಮಾಡಬೇಕಂತೆ. ಎಲ್ಲಕ್ಕೂ ತಲೆಯಾಡಿಸಿದೆ. ಹೊರಗೆ ಬಂದು ಕೋಲ್ಸ್ ಪಾರ್ಕಿನ ಬೆಂಚಿನಲ್ಲಿ ಕೂತೆ. ಪಕ್ಕ ಯಾರೋ ಬಂದು ಕೂತರು. ಎದ್ದುಬಿಟ್ಟೆ.

ಪಟಾಲಮ್ಮನಿಗೆ ಅಲರ್ಜಿ ಎಂದು ಹೇಳಿದೆ.

ಫೆಬ್ರವರಿ 20, ಗುರುವಾರ

ಮಾತ್ರೆ ಶುರುವಾಗಿದೆ. ಮೊದಲ ದಿನ ಮೂತ್ರ ಕೆಂಪಾಯಿತು. ಡಾಕ್ಟರ್ ಮೊದಲೇ ಹೇಳಿದ್ದರು, ಆದರೂ ಬೆಚ್ಚಿಬಿದ್ದೆ. ಮಾತ್ರೆಯನ್ನು ಸ್ಪ್ಯಾನರ್ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಬೆನ್ನುನೋವು ಎಂದು ಸುಳ್ಳು ಹೇಳಿ ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದೇನೆ. ಊರಿನವರ ಭಯ ನನಗಿಲ್ಲ. ಮೇಲಿನ ಬಾಡಿಗೆಯವರು ಖಾಲಿ ಮಾಡಿದರೆ ಮಾಡಲಿ. ಒಂದೇ ಭಯ. ವಿಷಯ ತಿಳಿದ ದಿನ ಪಟಾಲಮ್ಮ ನನ್ನನ್ನು ನೋಡುವ ರೀತಿ ಬದಲಾದರೆ? ಕೈ ತಾಗಿದಾಗ ಹಿಂದಕ್ಕೆ ಎಳೆದುಕೊಂಡರೆ? ಆಮೇಲೆ ವಾಸಿಯಾಗಿ ಏನು ಬಂತು...

ಡಾಕ್ಟರ್ ಫೋನ್ ಮಾಡಿದ್ದರು. "ಆಂಟೀನ ಯಾವಾಗ ಕರ್ಕೊಂಡ್ ಬರ್ತೀರಾ?" ನೋಡೋಣ ಎಂದೆ.

ಮಾರ್ಚ್ 1, ಶನಿವಾರ

ಹೇಳಿದೆ.

ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು, ಅವಳ ಮುಖ ನೋಡದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಸೊಪ್ಪು ಬಿಡಿಸುವುದು ನಿಂತಿತು.

"ಅಷ್ಟೇನಾ?"

ಅಷ್ಟೇ ಎಂದೆ.

"ನಾನು ಕ್ಯಾನ್ಸರ್ರು ಅಂದ್ಕೊಂಡಿದ್ದೆ. ನೀವು ಆ ಸ್ಪ್ಯಾನರ್ ಡಬ್ಬಿ ಹತ್ರ ಹೋಗಿ ಹೋಗಿ ಬರೋದು ನೋಡಿ ನನ್ನ ಜೀವವೇ ಹೋಗಿತ್ತು." ಸೊಪ್ಪಿನ ಕೈಯಲ್ಲೇ ನನ್ನ ಎಡಗೆನ್ನೆ ಮುಟ್ಟಿದಳು. ನನಗೆ ಗೊತ್ತಾಗಲಿಲ್ಲ, ಕಾಣಿಸಿತು ಅಷ್ಟೇ. ಎದ್ದು ಹೋಗಿ ದಿವಾನದ ಮೇಲಿದ್ದ ದಿಂಬನ್ನು ಒಳಗೆ ಎಸೆದು ಬಂದಳು. "ಬೆನ್ನುನೋವಂತೆ" ಎಂದು ಬೈದುಕೊಂಡಳು.

ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ. ಎಂಥ ಹೆಂಗಸು ಇವಳು.

ಮಾರ್ಚ್ 3, ಸೋಮವಾರ

ಸುಮ್ಮನೆ ಪರೀಕ್ಷೆಗೆ ಎಂದು ಹೋದದ್ದು. ದಾರಿಯುದ್ದಕ್ಕೂ ನನ್ನನ್ನೇ ಛೇಡಿಸುತ್ತಿದ್ದಳು. ವಾಪಸ್ ಬರುವಾಗ ಮಸೀದಿ ರಸ್ತೆಯಲ್ಲಿ ಫಲೂಡ ಕೊಡಿಸಬೇಕು ಎಂದಿದ್ದಳು.

ಡಾಕ್ಟರ್ ಬೆನ್ನು ನೋಡಿದರು, ತೋಳು ನೋಡಿದರು. ಹತ್ತಿ ತೆಗೆದುಕೊಂಡರು. ಅವಳು ಕಣ್ಣು ಮುಚ್ಚಿದಳು. ನಾನು ಎದುರಿಗೇ ಕೂತಿದ್ದೆ. ಬಲಗೈ ಕಿರುಬೆರಳು. ಪಕ್ಕದ ಬೆರಳು. ಅಂಗೈಯ ಅಂಚು. ಹತ್ತಿ ಓಡಾಡುತ್ತಿದೆ, ಇವಳು ತುಟಿ ಬಿಚ್ಚುತ್ತಿಲ್ಲ.

ಹೂಂ ಅನ್ನೇ ಎಂದು ಕೂಗಬೇಕು ಅನ್ನಿಸಿತು.

ಬೆನ್ನಿನ ಮೇಲೂ ಮಚ್ಚೆಗಳಿವೆ. ನಾನು ಗಮನಿಸಿಯೇ ಇರಲಿಲ್ಲ. ನನ್ನದಕ್ಕಿಂತ ಅವಳದ್ದು ಹಳೆಯದು. ಯಾರಿಂದ ಯಾರಿಗೆ ಎಂದು ಹೇಳಲಾಗುವುದಿಲ್ಲ, ಇಬ್ಬರಿಗೂ ಬೇರೆ ಕಡೆಯಿಂದಲೇ ಬಂದಿರಬಹುದು, ಮಾತ್ರೆ ತೆಗೆದುಕೊಂಡರೆ ಇದೂ ವಾಸಿ ಎಂದು ಡಾಕ್ಟರ್ ಬಿಡಿಸಿ ಬಿಡಿಸಿ ಹೇಳಿದರು.

ಪಟಾಲಮ್ಮ ತನ್ನ ಕೈಯನ್ನೇ ನೋಡುತ್ತಿದ್ದಳು. "ಕುದಿಯೋ ಪಾತ್ರೆ ಬರಿಗೈಲಿ ಇಳಿಸ್ತಿದ್ದೆ ಡಾಕ್ಟ್ರೇ. ಓರಗಿತ್ತೀರ ಮುಂದೆಲ್ಲ ಜಂಬ ಕೊಚ್ಚಿದ್ದೆ."

ಫಲೂಡ ಬೇಡ ಎಂದಳು. ಆಟೋದಲ್ಲಿ ನನ್ನಿಂದ ದೂರ, ಕಂಬಿಗೆ ಒತ್ತಿಕೊಂಡು ಕೂತಿದ್ದಳು.

ಮಾರ್ಚ್ 4, ಮಂಗಳವಾರ. ಬೆಳಗ್ಗೆ 11

ಬೆಳಗ್ಗೆ ಎದ್ದರೆ ಹಾಸಿಗೆಯಲ್ಲಿ ಇವಳಿಲ್ಲ. ಹಿಂದಿನ ಸಾಮಾನಿನ ರೂಮಿನಲ್ಲಿ ಚಾಪೆ. ಪಕ್ಕದಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಚೊಂಬು. ಎಲ್ಲ ಅವಳದ್ದೇ. ಗೋಡೆಗೆ ಮುಖ ಮಾಡಿ ಕೂತಿದ್ದಳು.

ಇವಳು ನನಗೆ ಹೀಗೆ ಮಾಡಿಯಾಳು ಎಂದು ಅಷ್ಟು ದಿನ ಹೆದರಿದ್ದೆ. ತನಗೆ ತಾನೇ ಮಾಡಿಕೊಂಡಾಳು ಎಂದು ಒಂದು ಸಲವೂ ಹೊಳೆದಿರಲಿಲ್ಲ.

"ಏನೇ ಇದು?"

"ನೀವು ಒಳಗೆ ಬರ್ಬೇಡಿ. ನಿಮಗೆ ಕೊಟ್ಟಿದ್ದೇ ನಾನು."

"ಡಾಕ್ಟ್ರು ಹಂಗೆ ಹೇಳಿದ್ರಾ? ಇಬ್ರಿಗೂ ಇರೋದು ಒಂದೇ ಕಾಯಿಲೆ. ದೂರ ಕೂತು ಯಾರನ್ನ ಕಾಪಾಡ್ತೀಯೇ?" ಜೋರಾಗಿಯೇ ಹೇಳಿದೆ. ಮೇಲಿನ ಮನೆಯವರಿಗೆ ಕೇಳಿಸಿದ್ದರೂ ಸರಿ. ಅವಳು ತಿರುಗಲಿಲ್ಲ.

ಚಾಪೆಯ ಮೇಲೆ ಹೋಗಿ ಕೂತೆ. ಅವಳ ಬಲಗೈ ತೆಗೆದುಕೊಂಡೆ. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ಕಿರುಬೆರಳು ಹಿಡಿದೆ.

"ಗೊತ್ತಾಗ್ತಿದ್ಯಾ?"

ಇಲ್ಲ ಎಂದು ತಲೆಯಾಡಿಸಿದಳು. ಪಕ್ಕದ್ದು ಹಿಡಿದೆ. ಅದೂ ಇಲ್ಲ. ಹೆಬ್ಬೆರಳು ಹಿಡಿದೆ.

"ಇದು ಗೊತ್ತಾಗುತ್ತೆ" ಎಂದಳು.

ಹಾಗೆಯೇ ಹಿಡಿದುಕೊಂಡು ಕೂತಿದ್ದೆವು. ತಟ್ಟೆ, ಲೋಟ ನಾನೇ ಅಡುಗೆಮನೆಗೆ ತಂದಿಟ್ಟೆ. ಅನ್ನಕ್ಕೂ ಇಟ್ಟಿದ್ದೇನೆ, ನೀರು ಎಷ್ಟು ಎಂದು ಅವಳನ್ನು ಕೇಳಿಕೊಂಡೇ. ಚಾಪೆ ಇನ್ನೂ ಅಲ್ಲೇ ಇದೆ. ಕುಕ್ಕರ್ ಕೂಗುತ್ತಿದೆ. ಅವಳು ಎದ್ದು ಬಂದು ಬರಿಗೈಲಿ ಇಳಿಸುವ ಮುಂಚೆ ನಾನೇ ಹೋಗಿ —