ಕುಂಟ ಕುದುರೆಯ ಕೊನೆಯ ಪುಸ್ತಕ

ಜನವರಿ 9, 2006

ಕುದುರೆ ಸತ್ತಿತು. ಮೊದಲನೆಯ ಪುಟದಲ್ಲೇ.

ಇಲ್ಲ, ಸತ್ತಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಗೆಳೆಯ ಯಂಕಪ್ಪ ಮಾಸ್ತರನಿಗೆ ಹಾಗಂತ ಹೇಳಿದೆ, ಅಷ್ಟೆ. ಮಾಸ್ತರನ ಮುಖ ಒರೆಸಿದ ಪಾಟಿಯ ಹಾಗಾಯಿತು. ದಿಂಬಿನಿಂದ ತಲೆ ಎತ್ತಿದ.

‘ಲಾಳಿ ಮುಟ್ಟಿ ಹೇಳಲೇ ಕಳಕ್ಯಾ.’

ಮಗ್ಗದ ಲಾಳಿ ಜೇಬಿನಲ್ಲೇ ಇತ್ತು. ಮುಟ್ಟಲಾಗಲಿಲ್ಲ. ನಕ್ಕುಬಿಟ್ಟೆ. ಮುದುಕರಾದರೂ ಒಂದು ಕುದುರೆಗೆ ಇಷ್ಟು ಜಗಳವೇ ಎಂದು ಅವನ ಹೆಂಡತಿ ರೇಣವ್ವ ಗೊಣಗಿ ಚಹಾ ತರಲು ಹೋದಳು.

ನೇಕಾರರು ಲಾಳಿ ಮುಟ್ಟಿ ಸುಳ್ಳು ಹೇಳುವುದಿಲ್ಲ. ಅನ್ನ ಕೊಡುವ ಕಟ್ಟಿಗೆ ಅದು. ನಾನೂ ಹೇಳಿಲ್ಲ. ಮಿಕ್ಕಂತೆ ಸುಳ್ಳು ನನ್ನಲ್ಲಿ ಹಾಸುಹೊಕ್ಕು... ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತಾಗಿನಿಂದ ಯಂಕಪ್ಪನಿಗೆ ಇದು ಗೊತ್ತು. ಅದಕ್ಕೇ ಲಾಳಿ ತರಲು ಹೇಳಿದ್ದಾನೆ.

ಜನವರಿ 11

ಬಸ್ಸಿನಲ್ಲಿ ಪಕ್ಕದವನು ಕೇಳಿದ, ದಿನಾ ಎಲ್ಲಿಗೆ ಅಂತ. ಕಥೆ ಡೆಲಿವರಿ ಎಂದೆ. ದೂರ ಸರಿದು ಕೂತ.

ಖರೆ ಹೇಳಿದರೆ ಇದೇ ಗತಿ. ಈ ಕಥೆಗೆ ಐದು ಪುಸ್ತಕ; ಮೊದಲಿನ ನಾಲ್ಕು ಯಂಕಪ್ಪನೇ ನನಗೆ ಹೇಳಿದ್ದು. ಇಂಗ್ಲಿಷಿನವು, ಇಟ್ಟಂಗಿಯಷ್ಟು ದಪ್ಪ. ಮೊಮ್ಮಗನಿಗೆಂದು ತಂದಿದ್ದ, ಮೊಮ್ಮಗ ಕ್ರಿಕೆಟ್ಟಿಗೆ ಹೋದ, ರಿಟೈರಾದ ಇಂಗ್ಲಿಷ್ ಮಾಸ್ತರ ಸಿಕ್ಕಿಬಿದ್ದ. ಮಧ್ಯಾಹ್ನ ನಮ್ಮ ಮನೆಗೆ ಬಂದು ಮಗ್ಗದ ಪಕ್ಕ ಕೂತು ಓದುವುದು, ಕನ್ನಡದಲ್ಲಿ ಹೇಳುವುದು. ನಾನು ನೇಯುತ್ತ ಕೇಳುವುದು. ಕಳೆದುಹೋದ ನದಿಯನ್ನು ಹುಡುಕಿ ಹೊರಟ ಹುಡುಗಿ. ಅವಳ ಜೊತೆ ಮಾತಾಡುವ ಒಂದು ಕುಂಟ ಕುದುರೆ. ಬಾಯಿ ಬಿಟ್ಟರೆ ಸುಳ್ಳು. ‘ಇದು ನೀನ ಲೇ’ ಎಂದು ಮೊದಲ ದಿನವೇ ಹೇಳಿದ್ದ.

ಐದನೆಯದು, ಕೊನೆಯದು, ಹುಬ್ಬಳ್ಳಿಯಿಂದ ಬಂದಾಗ ಅವನು ದವಾಖಾನೆ ಸೇರಿದ್ದ. ಕಣ್ಣಿಗೆ ಅಕ್ಷರ ನಿಲ್ಲುತ್ತಿಲ್ಲ. ಈಗ ನನ್ನ ಮೊಮ್ಮಗಳು ಪ್ರೀತಿ ಸಂಜೆ ಓದಿ ಹೇಳುತ್ತಾಳೆ. ಬೆಳಿಗ್ಗೆ ಇಳಕಲ್ಲಿನಿಂದ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ನಾನು ಹೊತ್ತೊಯ್ಯುತ್ತೇನೆ. ಕೊನೆಯ ಪುಟ ಮೊದಲು ನೋಡಕೂಡದು — ಮಾಸ್ತರನ ಆರ್ಡರು.

ಜನವರಿ 17

ಸಿಕ್ಕಿಬಿದ್ದೆ. ಕಥೆಯ ಮಾಟಗಾತಿಯನ್ನು ನಮ್ಮ ಬನಶಂಕರಿ ಜಾತ್ರೆಯ ಹೊಂಡಕ್ಕೆ ಇಳಿಸಿ, ಮೇಲೆ ಬಂದವಳಿಗೆ ಮಿರ್ಚಿ ತಿನ್ನಿಸಿದ್ದೆ. ಯಂಕಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ:

‘ಒಡಲು ಪುಸ್ತಕದ್ದು, ಸೆರಗು ನಿಂದು. ಕೊಂಡಿ ಕಾಣತೈತಿ ಲೇ.’

ಎಲಾ. ನನ್ನ ಕಸುಬಿನಿಂದಲೇ ನನಗೆ ಹೊಡೆದ. ನಮ್ಮ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ನೂಲಿನಲ್ಲಿ ನನ್ನ ಕೈ ಚೊಕ್ಕ, ಮಾತಿನಲ್ಲಿ ಇನ್ನೂ ಕಲಿಯಬೇಕಂತೆ.

ಜನವರಿ 23

ಡಾಕ್ಟರು ಬಂದು ರೆಸ್ಟ್ ತೆಗೆದುಕೊಳ್ಳಿ ಎಂದು ಹೋದರು. ರೆಸ್ಟ್ ಅಂದರೆ ವಿಶ್ರಾಂತಿ, ಉಳಿದದ್ದು ಎಂದೂ ಆಗುತ್ತದೆ — ಯಂಕಪ್ಪ ಪಾಠ ಮಾಡಿದ. ಉಳಿದದ್ದು ಎಷ್ಟು ಎಂದು ಡಾಕ್ಟರು ಹೇಳಲಿಲ್ಲವಲ್ಲ ಎಂದು ನಕ್ಕ.

ಹೊರಡುವಾಗ ಕೈ ಹಿಡಿದ. ‘ನದಿ ಸಿಗಲಿ ಬಿಡಲಿ. ಕುದುರಿ ಉಳಿತೈತೇನು, ಅಷ್ಟ ಗೊತ್ತಾಗಬೇಕು ನನಗ.’

ಫೆಬ್ರವರಿ 2, ಬಸ್ ಸ್ಟ್ಯಾಂಡು

ರೇಣವ್ವ ವರಾಂಡಕ್ಕೆ ಕರೆದಳು. ಇನ್ನು ಮನೆಗೆ ಒಯ್ಯಿರಿ ಎಂದಿದ್ದಾರಂತೆ ಡಾಕ್ಟರು. ಅಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆ ಸೀರೆ ನಾನೇ ನೇಯ್ದದ್ದು.

‘ಕಥಿ ಲಗೂ ಮುಗಸ್ರಿ ಅಣ್ಣಾ.’

ಪ್ರೀತಿಗೆ ಪರೀಕ್ಷೆ ಹತ್ತಿರ ಬಂದಿದೆ. ಆದರೂ ಬೇಗ ಓದಿ ಮುಗಿಸಲು ಹೇಳಬೇಕು.

ಫೆಬ್ರವರಿ 5, ಸಂಜೆ

ಮುಗಿಯಿತು. ಪ್ರೀತಿ ಪುಸ್ತಕ ಮುಚ್ಚಿ, ಮೇಲೆ ಕೈ ಇಟ್ಟುಕೊಂಡು ಕೂತಳು. ನದಿ ಸಿಕ್ಕಿತು. ಹುಡುಗಿ ಊರು ಮುಟ್ಟಿದಳು. ನಾಳೆ ತಾನೂ ಬರುತ್ತೇನೆ ಎಂದಳು ಪ್ರೀತಿ. ಬೇಡ ಎಂದೆ. ಯಾಕೆ ಅಂದಳು. ಬಸ್ಸಿನಲ್ಲಿ ಸೀಟಿಲ್ಲ ಎಂದೆ.

ಫೆಬ್ರವರಿ 6

ಹೇಳಿದೆ. ಮನೆಗೆ ಒಯ್ಯುವ ಮುಂಚೆ, ದವಾಖಾನೆಯಲ್ಲೇ. ನಡುವೆ ಮಿರ್ಚಿ ಇಲ್ಲ, ಬನಶಂಕರಿ ಇಲ್ಲ. ನೀರು ಬಂತು, ಹುಡುಗಿ ದಾಟಿದಳು. ಅವನ ಕಣ್ಣು ಮುಚ್ಚಿತ್ತು. ನಿದ್ದೆ ಎಂದುಕೊಂಡೆ.

‘ಕುದುರಿ?’

‘ಐತಿ.’

‘ಲಾಳಿ?’

ತೆಗೆದೆ. ಹಿಡಿದೆ. ‘ಐತಿ ಲೇ. ದಂಡ್ಯಾಗ ಹುಲ್ಲ ಮೇಯಾಕತ್ತೈತಿ. ಇನ್ನೂ ಸುಳ್ಳ ಹೇಳತೈತಿ.’

ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ನಕ್ಕ, ಸದ್ದಿಲ್ಲ, ಉಸಿರು ಮಾತ್ರ.

‘ಹಂಗಾರ ನೀ ಇನ್ನ ಭಾಳ ದಿನಾ ಇರ್ತಿ ಬಿಡು.’

ಲಾಳಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಯ ಮೇಲೆ ಇಟ್ಟುಕೊಂಡ. ನಾನು ವಾಪಸು ಕೇಳಲಿಲ್ಲ.

ಫೆಬ್ರವರಿ 19

ಯಂಕಪ್ಪನ ಮನೆಯಲ್ಲಿ ದಿನಕರ್ಮಗಳು ಮುಗಿದವು. ರೇಣವ್ವ ಲಾಳಿಯನ್ನು ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟಳು. ಮುಷ್ಟಿಯಲ್ಲಿ ಹಿಡಿದುಕೊಂಡೇ ಹೋದನಂತೆ, ಬಿಡಿಸುವುದು ಕಷ್ಟವಾಯಿತಂತೆ.

ಮಗ್ಗದ ಮೇಲೆ ಇಟ್ಟೆ. ನೇಯಲಿಲ್ಲ.

ಪ್ರೀತಿ ಹತ್ತಿರ ಬಂದು ಕೂತಳು. ‘ಮುತ್ಯಾ, ಮಾಸ್ತರಗ ಕಡೀಕ ಏನಂತ ಹೇಳಿದಿ?’

ಏನೋ ಚೇಷ್ಟೆ ಮಾಡಿದೆ. ನಗಲಿಲ್ಲ ಅವಳು.

ಫೆಬ್ರವರಿ 26

ಮಗ್ಗದ ಗುಣಿಗೆ ಕಾಲು ಇಳಿಬಿಟ್ಟು ಕೂತೆ. ಲಾಳಿ ಕೈಗೆ ತೆಗೆದುಕೊಂಡೆ. ಎಳೆಗಳ ನಡುವೆ ಎಸೆಯಲು ಕೈ ಬರಲಿಲ್ಲ. ಪಕ್ಕದ ಜಾಗ ಖಾಲಿ. ಯಂಕಪ್ಪನ ಚಾಪೆ ಇನ್ನೂ ಹಾಸಿಯೇ ಇದೆ.

ಪ್ರೀತಿ ಓದಿದ್ದು ಹೀಗೆ. ಹುಡುಗಿಯನ್ನು ದಂಡೆಗೆ ಬಿಟ್ಟು ಕುದುರೆ ನೀರಿನಲ್ಲೇ ಉಳಿಯಿತು. ನನಗೆ ಈಜು ಬರುತ್ತದೆ, ನೀನು ನಡೆ ಎಂದಿತು ಅವಳಿಗೆ. ಅದರ ಕೊನೆಯ ಸುಳ್ಳು ಅದೇ; ಮುಳುಗಿತು. ಹುಲ್ಲು, ಮೇಯುವುದು — ಯಾವುದೂ ಪುಸ್ತಕದಲ್ಲಿಲ್ಲ. ಸೆರಗು ನನ್ನದು. ಈ ಸಲ ಕೊಂಡಿ ಅವನಿಗೆ ಕಾಣಲಿಲ್ಲ. ಅಥವಾ ಕಂಡೂ...

ಲಾಳಿ ಹಿಡಿದೇ ಸುಳ್ಳು ಹೇಳಿದೆ. ಬೇಕಂತಲೇ, ಬಿಗಿಯಾಗಿ ಹಿಡಿದು. ಯಂಕ್ಯಾ, ನೀ ಇನ್ನೊಮ್ಮೆ ಕೇಳಿದ್ದರೂ ನಾ ಐತಿ ಅಂತಲೇ ಹೇಳುತ್ತಿದ್ದೆ.