ವಾರಕ್ಕೊಂದು ಗುಳಿಗೆ

ಫೆಬ್ರವರಿ 10, ಸೋಮವಾರ

ಇವತ್ತು ಪ್ರೆಸ್ಸಿನಲ್ಲಿ ಸಾವಿರದ ಇನ್ನೂರು ಹಾಳೆ ಮಡಿಸಿದೆ. ಹೆಬ್ಬೆರಳಿನ ಉಗುರಿನ ಪಕ್ಕ ಮತ್ತೆ ಸೀಳಿದೆ. ಎಂಟು ಪುಟದ ಕಿರುಹೊತ್ತಿಗೆ, ಕಾರ್ಮಿಕರ ಆರೋಗ್ಯ ಸಂಘದ್ದು: ‘ಪರದೇಶಕ್ಕೆ ದುಡಿಯಲು ಹೊರಟವರಿಗೆ — ಮಲೇರಿಯಾ ತಡೆಯುವ ಗುಳಿಗೆಗಳು’. ಪ್ರೆಸ್ಸಿಗೆ ಬರುವ ಎಲ್ಲವನ್ನೂ ಓದುವಂತೆ ಇದನ್ನೂ ಮಡಿಸುತ್ತಲೇ ಓದಿದೆ. ಕಾಲೇಜಿನ ಮುಖ ನೋಡದವಳಿಗೆ ಮಡಿಸುವ ಆ ಮೇಜೇ ಕಾಲೇಜು.

ಸರಿಯಾದ ಹೊತ್ತಿಗೆ ಕೈಗೆ ಬಂತು. ಅಣ್ಣ ಮುಂದಿನ ತಿಂಗಳು ಹೊರಡುತ್ತಾನೆ. ಸೇತುವೆ ಕಟ್ಟುವ ಕಂಪನಿ, ವೆಲ್ಡಿಂಗ್ ಕೆಲಸ, ಎರಡು ವರ್ಷ. ನದಿ ದಂಡೆಯಲ್ಲಿ ಕ್ಯಾಂಪು. ಸೊಳ್ಳೆಯ ಕಾಟ ಹೇಳಬೇಕಾಗಿಲ್ಲ. ಗುಳಿಗೆ ಕಂಪನಿಯೇ ಕೊಡುತ್ತದೆ. ಆದರೆ ವಾರಕ್ಕೊಂದರದೋ ದಿನಕ್ಕೊಂದರದೋ ಎಂದು ಕಂಪನಿಯ ಫಾರ್ಮಿನಲ್ಲಿ ಈಗಲೇ ಬರೆದುಕೊಡಬೇಕು. ಆಮೇಲೆ ಅದನ್ನೇ ತರಿಸುತ್ತಾರೆ. ಹಾಜರಿಗೆ ಮುಂಚೆ ಸಾಲಾಗಿ ನಿಲ್ಲಿಸಿ ಕಣ್ಣೆದುರೇ ನುಂಗಿಸುತ್ತಾರಂತೆ.

ಊಟಕ್ಕೆ ಕುಳಿತಾಗ ಎಲ್ಲ ಬಿಡಿಸಿ ಹೇಳಿದೆ. ವಾರದ್ದು ಹಳೆಯ ಔಷಧಿ, ಮರೆಯುವ ಭಯ ಕಡಿಮೆ. ದಿನದ್ದು ತಿಂದರೆ ಬಿಸಿಲಿಗೆ ಚರ್ಮ ಸುಡುತ್ತದೆ. ದಿನವಿಡೀ ಬಿಸಿಲಲ್ಲಿ ನಿಲ್ಲುವವನ ಮುಂದೆ ಅದನ್ನು ಇಡುವುದೇ ಅನ್ಯಾಯ. ಆಯ್ಕೆ ಕೊಟ್ಟಂತೆ ನಟಿಸಿ ಮಾಹಿತಿ ಮುಚ್ಚಿಡುವುದು ಮಾಲೀಕರ ಹಳೆಯ ಆಟ...

“ಭಾಷಣ ಮುಗೀತಾ? ಅನ್ನ ಆರ್ತಿದೆ,” ಅಂದ ಅಣ್ಣ.

“ಯಾವುದಕ್ಕೆ ಟಿಕ್ ಹಾಕ್ತೀಯ ಹೇಳು.”

“ನೀನೇ ಹಾಕು ಭಾಷಣದಮ್ಮ. ಓದೋಳು ನೀನು, ನಾನು ಬರೀ ನುಂಗೋನು.”

ಹಾಕಿದೆ, ವಾರದ್ದಕ್ಕೆ. ಅದರ ಕೆಳಗೇ ಇನ್ನೊಂದು ಪ್ರಶ್ನೆ — ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ? ಪೆನ್ನು ನಿಂತಿತು. ಅಣ್ಣ ತಟ್ಟೆ ನೋಡುತ್ತಿದ್ದ.

“ಇಲ್ಲ ಅಂತ ಬರಿ,” ಅಂದಳು ಅಮ್ಮ. “ಅದು ಮುಗಿದ ಮಾತು.”

ಬರೆದೆ. ಸುಳ್ಳು, ಒಪ್ಪುತ್ತೇನೆ. ಆದರೆ ದುಡಿಯುವವನ ತಲೆಯೊಳಗೆ ಇಣುಕಲು ಕಂಪನಿ ಯಾರು?

ಫೆಬ್ರವರಿ 17, ಸೋಮವಾರ

ಮೊದಲ ಗುಳಿಗೆ. ಹೊರಡುವ ಮೂರು ವಾರ ಮುಂಚೆಯೇ ಶುರು ಮಾಡಬೇಕು — ಒಗ್ಗುತ್ತದೋ ಇಲ್ಲವೋ ಇಲ್ಲೇ ಗೊತ್ತಾಗಲಿ ಎಂದು. ಕಂಪನಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಫಾರ್ಮ್ ನೋಡಿ, ನನ್ನ ‘ಇಲ್ಲ’ದ ಮೇಲೆ ಬೆರಳಾಡಿಸಿ, ಚೀಟಿ ಬರೆದರು.

“ಹೇಗಿದೆಯೋ?” ಎಂದು ಅಮ್ಮ ಕೇಳಿದಳು.

“ಕಹಿ. ಇವಳ ಬಾಯಿಯಷ್ಟೇನೂ ಇಲ್ಲ.”

ನಕ್ಕೆವು. ಮೂವರೂ ಒಟ್ಟಿಗೆ ಹೀಗೆ ನಕ್ಕು ಎಷ್ಟು ದಿನವಾಗಿತ್ತು.

ಫೆಬ್ರವರಿ 26, ಬುಧವಾರ

ಹೇಗೆ ಬರೆಯಲಿ.

ಸಂಘದವರು ಇನ್ನೂ ಐನೂರು ಪ್ರತಿ ಬೇಕೆಂದರು. ಪಿನ್ ಹೊಡೆದು ಅಂಚು ಕತ್ತರಿಸಿದ ಮೇಲೆ ಒಂದನ್ನು ಎತ್ತಿಕೊಂಡು ಪುಸ್ತಕದ ಹಾಗೆ ತೆರೆದೆ. ಮೊದಲ ಸಲ. ನಾಲ್ಕನೇ ಪುಟ, ದಪ್ಪ ಅಕ್ಷರ: ‘ವಾರದ ಗುಳಿಗೆ ಯಾರು ತೆಗೆದುಕೊಳ್ಳಬಾರದು.’ ಹಿಂದೆ ಖಿನ್ನತೆ ಅಥವಾ ಬೇರೆ ಮಾನಸಿಕ ಕಾಯಿಲೆ ಇದ್ದವರು ಮುಟ್ಟಲೇಬಾರದು. ಕೆಟ್ಟ ಕನಸು, ಗಾಬರಿ, ಇಲ್ಲದ ಅನುಮಾನ, ಜೀವ ಬೇಡವೆನಿಸುವುದು.

ನಾನು ಓದಿರಲಿಲ್ಲ. ಸಾವಿರದ ಇನ್ನೂರು ಸಲ ಕೈಯಲ್ಲಿ ಹಿಡಿದೂ ಓದಿರಲಿಲ್ಲ. ಇಡೀ ಹೊತ್ತಿಗೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುತ್ತದೆ. ಮೇಜಿನ ಮೇಲೆ ಹರಡಿದಾಗ ನನಗೆ ಕಾಣುವುದು ಒಂದು ಮಗ್ಗುಲು — ಪುಟ ಎರಡು, ಮೂರು, ಆರು, ಏಳು. ನಾಲ್ಕು ಮತ್ತು ಐದು ಮೇಜಿನತ್ತ ಮುಖ ಮಾಡಿ ಮಲಗಿರುತ್ತವೆ. ಮೊದಲ ಮಡಿಕೆಗೆ ಮೇಲೆ ಬರುತ್ತವೆ, ಎರಡನೆಯದಕ್ಕೆ ನನ್ನ ಕೈಯೇ ಮುಚ್ಚಿಬಿಡುತ್ತದೆ. ಆರು ವರ್ಷದಿಂದ ನಾನು ಓದಿದ್ದೆಲ್ಲ ಹೀಗೇನೇ? ಎಲ್ಲದರ ಅರ್ಧ?

ಅಣ್ಣನಿಗೆ ತೋರಿಸಿದೆ. ಎರಡು ವರ್ಷದ ಹಿಂದೆ ಆ ಮೂರು ತಿಂಗಳು ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಸ್ನಾನ ಇಲ್ಲ, ಮಾತಿಲ್ಲ. ಮನೋವೈದ್ಯರ ಔಷಧಿಯಿಂದ ಎದ್ದ. ನೆರೆಯವರಿಗೆಲ್ಲ ಜಾಂಡೀಸ್ ಎಂದಿದ್ದೆವು.

“ಬದಲಾಯಿಸು. ದಿನದ್ದೇ ಬೇಕು ಅಂತ ಹೇಳು,” ಅಂದೆ.

“ಪಟ್ಟಿ ಹೋಗಾಯ್ತು. ಯಾಕೆ ಅಂತ ಕೇಳ್ತಾರೆ.”

“ನಿಜ ಹೇಳು.”

“ನಿಜ ಹೇಳಿದ್ರೆ ನನ್ನ ಜಾಗಕ್ಕೆ ಹನ್ನೆರಡು ಜನ ನಿಂತಿದ್ದಾರೆ ಕಣೇ. ಅವರಲ್ಲಿ ಒಬ್ಬರಿಗೂ ಜಾಂಡೀಸ್ ಆಗಿಲ್ಲ.”

ಎರಡು ಗುಳಿಗೆ ಆಗಲೇ ಒಳಗೆ ಹೋಗಿವೆ. ಕನಸು ಬೀಳ್ತಿದೆಯಾ ಎಂದು ಕೇಳಿದೆ. “ಯಾರಿಗೆ ಬೀಳಲ್ಲ?” ಅಂದ.

ಫೆಬ್ರವರಿ 28, ಶುಕ್ರವಾರ

ಕೆಲಸ ಬಿಟ್ಟವಳೇ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ನಾನು ಫ್ರಾಕ್ ಹಾಕುತ್ತಿದ್ದ ಕಾಲದಿಂದ ಕಂಡವರು. ಎಲ್ಲ ಹೇಳಿದೆ, ಯಾರಿಗೆ ಎಂಬುದೊಂದನ್ನು ಬಿಟ್ಟು.

“ಮೂರನೇದು ಒಂದಿದೆ,” ಅಂದರು. “ತಲೆಗೂ ಅಷ್ಟು ತೊಂದರೆ ಇಲ್ಲ, ಬಿಸಿಲಿಗೂ ಇಲ್ಲ. ದಿನಾ ಒಂದು. ಚೀಟಿ ತಂದಿದ್ದೀಯಾ?”

“ಇಲ್ಲ ಮಾಮ.”

“ಎಷ್ಟು ದಿನಕ್ಕೆ?”

“ಎರಡು ವರ್ಷ. ಬಂದ ಮೇಲೂ ಒಂದು ವಾರ.”

ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಮೆಡಿಕಲ್ ಶಾಪ್ ಮಗಳೇ, ಗೋದಾಮಲ್ಲ. ಅಷ್ಟು ತರಿಸಿದ್ರೂ ಅರ್ಧಕ್ಕೆ ತಾರೀಕು ಮುಗಿದುಹೋಗುತ್ತೆ. ಯಾರಿಗೆ ಬೇಕೋ ಅವರನ್ನೇ ಡಾಕ್ಟರ ಹತ್ತಿರ ಕಳಿಸು, ಇದ್ದದ್ದು ಇದ್ದ ಹಾಗೆ ಹೇಳಲಿ.”

ಬೆಲೆ ಕೇಳಿದೆ. ನನ್ನ ಇಡೀ ತಿಂಗಳ ಸಂಬಳಕ್ಕೆ ಒಂದು ತಿಂಗಳ ಗುಳಿಗೆಯೂ ಬರುವುದಿಲ್ಲ. ಔಷಧಿ ಮನುಷ್ಯನ ಹಕ್ಕು ಎಂಬ ಕರಪತ್ರವನ್ನು ಎಷ್ಟು ಸಾವಿರ ಮಡಿಸಿದ್ದೇನೆ ನಾನು.

ಮಾರ್ಚ್ 4, ಮಂಗಳವಾರ

ನಿನ್ನೆ ಮೂರನೆಯದು. ಇವತ್ತು ಕ್ಲಿನಿಕ್ಕು. ನಾನೂ ಹೋದೆ, ಹಟ ಮಾಡಿ. ದಾರಿಯಲ್ಲಿ ಅಣ್ಣ ಒಂದೇ ಮಾತು ಹೇಳಿದ: “ಒಳಗೆ ನೀನು ಮೂಗಿ. ಒಗ್ಗಲಿಲ್ಲ ಅಂದ್ರೆ ಹಳೇದೆಲ್ಲ ಕೆದಕ್ತಾರೆ.”

ಡಾಕ್ಟರಮ್ಮ ಚೆನ್ನಾಗಿಯೇ ಕೇಳಿದರು. ಆತುರವಿರಲಿಲ್ಲ. “ನಿದ್ದೆ ಹೇಗೆ? ಕನಸು? ಸುಮ್ನೆ ಸುಮ್ನೆ ಗಾಬರಿ? ಒಗ್ಗದಿದ್ದರೆ ಈಗಲೇ ಹೇಳಿ, ಬೇರೆ ಕೊಡೋಣ.”

“ಮಲಗಿದ್ರೆ ಕೊರಡು ಮೇಡಂ,” ಅಂದ ಅಣ್ಣ. ನಕ್ಕ ಕೂಡ.

ಮೂರು ದಿನದಿಂದ ಬೆಳಗಿನ ಹೊತ್ತು ಅವನ ದಿಂಬಿನ ಬಟ್ಟೆ ಬೆವರಿಗೆ ಒದ್ದೆ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ನೀವು ಏನಾದ್ರೂ ಹೇಳೋದಿದೆಯಾ?”

ಮೌನವೂ ಅಪರಾಧವೇ ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನು. ಚಪ್ಪಾಳೆ ಬಿದ್ದಿತ್ತು.

“ಇಲ್ಲ,” ಅಂದೆ. ಎರಡನೇ ಸಲ.

ಮಾರ್ಚ್ 8, ಶನಿವಾರ

ಹೋದ. ಅಮ್ಮ ತಲೆ ಸವರಿದಳು. ನನಗೆ, “ಸಂಘದವರ ತಲೆ ತಿನ್ನು, ಅಮ್ಮನ ತಲೆ ತಿನ್ಬೇಡ,” ಅಂದ. ಸೊಳ್ಳೆಪರದೆ ಚೀಲದ ಮೇಲೇ ಇಟ್ಟಿದ್ದೇನೆ.

ಏಪ್ರಿಲ್ 13, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಫೋನಿನಲ್ಲಿ “ಚೆನ್ನಾಗಿದ್ದೀನಿ” ಎನ್ನುತ್ತಿದ್ದ. ಬರೆಯಲು ಏನಿತ್ತು?

ಇವತ್ತು ಅಮ್ಮ ಹೊರಗೆ ಹೋದಾಗ ಫೋನ್ ಮಾಡಿದ. ಅವನ ಬೆನ್ನ ಹಿಂದೆ ಎಲ್ಲರೂ ಏನೋ ಮಾತಾಡಿಕೊಳ್ಳುತ್ತಾರಂತೆ. ಒಬ್ಬನೇ ಊಟಕ್ಕೆ ಕೂರುತ್ತಾನಂತೆ. “ಗುಳಿಗೆ ಉಗಿದುಬಿಡು,” ಅಂದೆ. ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡುತ್ತಾರಂತೆ. ಉಗಿದರೆ ಮಲೇರಿಯಾ, ಅದೂ ಹೌದು. ಪಕ್ಕದ ಶೆಡ್ಡಿನ ಇಬ್ಬರನ್ನು ಜ್ವರದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಾರೆ.

ಯಾವ ಕಡೆಗೆ ತಳ್ಳಲಿ ಅವನನ್ನು?

ಮೇ 4, ಭಾನುವಾರ

ಎರಡೇ ನಿಮಿಷದ ಫೋನು.

“ಮೇಲೆ ನಿಂತು ಕೆಲಸ ಮಾಡ್ವಾಗ ಕೆಳಗೆ ನೀರು ಕಾಣುತ್ತಲ್ಲ,” ಅಂದ. “ದಿನಾ ದಿನಾ ಹತ್ತಿರ ಬಂದ ಹಾಗೆ ಕಾಣುತ್ತೆ. ಹೆದರಿಕೆ ಆಗಲ್ಲ ಕಣೇ. ಅದೇ ವಿಚಿತ್ರ.”

“ಕ್ಯಾಂಪಿನ ನರ್ಸಿಗೆ ಹೇಳು ಅಣ್ಣ, ನಿನ್ನ ಕಾಲು ಹಿಡೀತೀನಿ,” ಅಂದೆ.

“ಹೇಳ್ಬಾರದು. ನೀನೂ ಹೇಳ್ಬಾರದು. ಅಮ್ಮನ ಮೇಲಾಣೆ.”

ಅಮ್ಮನಿಗೆ ನೀರಿನ ಮಾತು ಹೇಳಲಿಲ್ಲ. ಮನಸ್ಸು ಸರಿಯಿಲ್ಲವಂತೆ ಎಂದಷ್ಟೇ ಹೇಳಿದೆ. “ಹೊಸ ಜಾಗ, ಒಗ್ಗುತ್ತೆ,” ಅಂದಳು. ಸೊಪ್ಪು ಬಿಡಿಸುತ್ತಿದ್ದ ಕೈ ಮಾತ್ರ ನಿಂತೇ ಇತ್ತು.

ಮೇ 5, ಸೋಮವಾರ

ಬೆಳಗಿನ ಆರಕ್ಕೇ ಪ್ರೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಕುಳಿತು, ಕಂಪನಿಯ ಕಾಗದದಲ್ಲಿದ್ದ ನಂಬರು ಹುಡುಕಿ ಕ್ಯಾಂಪಿನ ನರ್ಸಿಗೆ ಫೋನ್ ಮಾಡಿದೆ. ಗಂಡಸು, ನಮ್ಮ ಕಡೆಯವರೇ. ಆ ಮೂರು ತಿಂಗಳ ವಿಷಯ ಹೇಳಿದೆ. ನೀರಿನ ಮಾತು ಹೇಳಿದೆ. ಫಾರ್ಮ್ ತುಂಬಿದವಳು ನಾನೇ ಎಂದೂ ಹೇಳಿದೆ.

“ಹೇಳಿದ್ದು ಒಳ್ಳೇದಾಯ್ತು. ಇವತ್ತಿನ ಗುಳಿಗೆ ನಿಲ್ಲಿಸ್ತೀನಿ. ಮೇಲೆ ಹತ್ತೋಕೂ ಬಿಡಲ್ಲ. ಆದ್ರೆ ಆಫೀಸಿಗೆ ತಿಳಿಸದೆ ಇರೋಕೆ ಆಗಲ್ಲಮ್ಮ.”

“ಕೆಲಸ ಹೋಗುತ್ತಾ ಸರ್?”

“ಅದು ನನ್ನ ಕೈಲಿಲ್ಲ.”

ಯಾರ ಕೈಯಲ್ಲಿದೆ ಎಂದು ಕೇಳಬೇಕಿತ್ತು. ಮೊದಲಾಗಿದ್ದರೆ ಕೇಳುತ್ತಿದ್ದೆ. ಫೋನ್ ಇಟ್ಟು ಹೋಗಿ ಒಂಬೈನೂರು ಮಡಿಸಿದೆ. ಏನನ್ನೂ ಓದಲಿಲ್ಲ.

ಮೇ 7, ಬುಧವಾರ, ಬೆಳಿಗ್ಗೆ 7

ಅಣ್ಣ ಫೋನ್ ಮಾಡಿದ.

“ಹೇಳಿದ್ದು ನೀನಾ?”

“ನಾನೇ.”

ಅವನ ಹಿಂದೆ ಯಾರೋ ಹಾಜರಿ ಕರೆಯುತ್ತಿದ್ದರು. ಒಂದೊಂದೇ ಹೆಸರು. ಅವನ ಹೆಸರು ಬರಲಿಲ್ಲ.

“ಶುಕ್ರವಾರದ ವಿಮಾನ,” ಅಂದ. “ಸುಳ್ಳು ಬರೆದವನು ಅಂತ ಚೀಟಿ ಕೊಟ್ಟಿದ್ದಾರೆ. ಇನ್ಯಾವ ಕಂಪನಿನೂ ತಗೊಳ್ಳಲ್ಲ.”

“ಬರೆದದ್ದು ನಾನು ಅಣ್ಣ...”

“ಇದು ಇನ್ನೂ ಎಷ್ಟು ದಿನ ಮೈಯಲ್ಲಿ ಇರುತ್ತೆ? ಕೊನೇದು ನುಂಗಿ ಒಂಬತ್ತು ದಿನ ಆಯ್ತು. ಕಣ್ಣು ಮುಚ್ಚಿದ್ರೆ ಅದೇ ನೀರು. ನೀನು ಓದಿದ್ದೀಯಲ್ಲ, ಹೇಳು.”

ಗೊತ್ತಿಲ್ಲ ಎಂದೆ. ಫೋನ್ ಇಟ್ಟುಬಿಟ್ಟ.

ಅಮ್ಮ ಬಾಗಿಲಲ್ಲಿ ನಿಂತಿದ್ದಾಳೆ. “ಏನಂದ? ಚೆನ್ನಾಗಿದ್ದಾನಂತಾ?” ಎರಡು ಸಲ ಕೇಳಿದಳು. ಇದೊಂದು ಬರೆದು ಹೇಳ್ತೀನಿ ಇರು ಎಂದಿದ್ದೇನೆ. ಬರೆಯುತ್ತಿರುವಷ್ಟು ಹೊತ್ತು ಹೇಳುವುದು ತಪ್ಪುತ್ತದೆ. ಏನು ಬರೆಯಲಿ. ಇವತ್ತು ಬುಧವಾರ. ಪ್ರೆಸ್ಸಿಗೆ ಒಂಬತ್ತಕ್ಕೆ ಹೋಗಬೇಕು. ಬಿಸಿಲು ಆಗಲೇ ಹೊಸಿಲು ದಾಟಿದೆ. ಅಮ್ಮ ಹತ್ತಿರ ಬಂದು ಪೆನ್ನಿನ ಮೇಲೆ ಕೈ ಇಟ್ಟಿದ್ದಾಳೆ. ಇನ್ನು ಹೇಳಲೇಬೇಕು.